ಏಕಾದಶಿಯ ಸಾಂಬಾರು

ನಮ್ಮ ಹೋಟೆಲ್ ಚೆನ್ನೈಯ ಅಡ್ಯಾರಿನ ಬಸ್ ಡಿಪೋ ಹಿಂದಿನ ಓಣಿಯಲ್ಲಿದೆ. ಮಾವನವರು ಉಡುಪಿಯಿಂದ ಬಂದು ಕಟ್ಟಿದ್ದು. ಏಕಾದಶಿಯಂದು ಬಾಗಿಲು ತೆರೆಯಬಾರದೆಂಬುದು ಅವರ ಕಾಲದ ಕ್ರಮ. ಹಳೆಯ ಗಿರಾಕಿಗಳಿಗೆ ಅದು ಗೊತ್ತು, ಆ ದಿನ ಅವರು ಈ ಕಡೆ ತಲೆ ಹಾಕುವುದಿಲ್ಲ. ಫೋನಿನಲ್ಲಿ ಊಟ ತರಿಸುವ ಆ್ಯಪ್‌ಗೆ ಮಾತ್ರ ಗೊತ್ತಿರಲಿಲ್ಲ.

ಕೂತು ತಿನ್ನುವವರು ಕಡಿಮೆಯಾಗಿ, ಈಗ ನಮ್ಮ ಜೀವನ ನಡೆಯುವುದೇ ಆ ಆ್ಯಪ್‌ನ ಆರ್ಡರುಗಳಿಂದ. ಕಳೆದ ವರ್ಷ ಅವೂ ಇಳಿಯತೊಡಗಿದವು. ಹೀಗೇ ಆದರೆ ಬಾಗಿಲು ಹಾಕಬೇಕಾದೀತು ಎಂದು ನನಗೆ ಭಯ. ನನ್ನವರು ನಿಶ್ಚಿಂತರಾಗಿದ್ದರು. ಬೆಳಿಗ್ಗೆ ಕಾಫಿ ಕುಡಿಯುತ್ತ ಆ್ಯಪ್ ತೆರೆದು, "ನೋಡು ಮಾರಾಯ್ತಿ, ನಮ್ದೇ ಮೊದಲು ಉಂಟು" ಎಂದು ತೋರಿಸುವರು. ದಿನಾ ಒಂದೇ ಹೋಟೆಲನ್ನು ಒತ್ತಿ ನೋಡುವವರಿಗೆ ಆ್ಯಪ್ ಅದನ್ನೇ ಮೊದಲು ತೋರಿಸುತ್ತದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಮಗಳ ಫೋನಿನಿಂದ. ಕಾಲೇಜಿಗೆ ಹೋಗುವ ಅವಳಿಗೆ ನಮ್ಮ ಹೋಟೆಲ್ ತಿಂಡಿ ಎಂದರೆ ಬೇಸರ; ಅವಳು ತರಿಸುವುದೆಲ್ಲ ನೂಡಲ್ಸ್. ಒಂದು ದಿನ ಅವಳಿಂದ ಮಸಾಲೆ ದೋಸೆ ಹುಡುಕಿಸಿದೆ. ಬೆರಳು ಸವೆಯುವಷ್ಟು ಕೆಳಗೆ ಹೋದರೂ ನಾವಿಲ್ಲ. "ಅಮ್ಮಾ, ನಮ್ಮ ಕಡೈಯೇ ಕಾಣೋಮ್" ಎಂದು ತಮಿಳಿನಲ್ಲಿ ಹೇಳಿದಳು, ನಮ್ಮ ಅಂಗಡಿಯೇ ಕಾಣುತ್ತಿಲ್ಲವೆಂದು.

ಕಂಪನಿಯವನಿಗೆ ಫೋನು ಮಾಡಿದೆವು. ಪಾಪ, ಸಭ್ಯವಾಗಿಯೇ ಮಾತಾಡಿದ. ತಿಂಗಳಿಗೆ ಎರಡು ದಿನ ನೀವು ಮುಚ್ಚುತ್ತೀರಿ, ಅದಕ್ಕೇ ಸಿಸ್ಟಮ್ ನಿಮ್ಮನ್ನು ಕೆಳಗೆ ಹಾಕಿದೆ ಎಂದ. ವ್ರತಕ್ಕೆ ಮುಚ್ಚಿದವರೂ ಸೋಮಾರಿತನಕ್ಕೆ ಮುಚ್ಚಿದವರೂ ಅದಕ್ಕೆ ಒಂದೇ. ಮೇಲಿದ್ದವರಿಗೆ ಆರ್ಡರು, ಆರ್ಡರು ಬಂದವರೇ ಮತ್ತೆ ಮೇಲೆ. ಇದು ನ್ಯಾಯವೇ ಎಂದು ನನ್ನವರು ಕೇಳಿದರು. "ಎಲ್ಲರಿಗೂ ಒಂದೇ ರೂಲ್ ಸರ್" ಎಂದ. ಜಗಳವಾಡಲು ಎದುರಿಗೆ ಒಂದು ಮುಖವಾದರೂ ಬೇಕಲ್ಲ. ನನಗೆ ಸಿಟ್ಟು ಬಂತು, ಆಮೇಲೆ ಸಿಟ್ಟು ಮಾಡಿಕೊಳ್ಳಲೂ ಸಾಕಾಯಿತು.

ಮುಂದಿನ ಏಕಾದಶಿಗೆ ಬಾಗಿಲು ತೆರೆದೆವು. ಮಾವನವರ ಫೋಟೋದ ಮುಂದೆ ದೀಪ ಹಚ್ಚುವಾಗ ನನ್ನವರು ತಲೆ ಎತ್ತಲಿಲ್ಲ. ಉಪವಾಸವನ್ನು ಮಾತ್ರ ಬಿಡಲಿಲ್ಲ. ನಾನೂ ಬಿಡಲಿಲ್ಲ, ಊರಿನಿಂದ ಬಂದ ಅಡುಗೆ ಭಟ್ಟರೂ ಬಿಡಲಿಲ್ಲ. ಅಡುಗೆಮನೆಯಲ್ಲಿರುವವರೇ ನಾವು ಮೂವರು. ದಿನವೂ ಒಬ್ಬರಲ್ಲ ಒಬ್ಬರು ಸಾಂಬಾರನ್ನು ಅಂಗೈಗೆ ಹಾಕಿಕೊಂಡು ಉಪ್ಪು ನೋಡುತ್ತೇವೆ. ಅಂದು ಯಾರೂ ನಾಲಿಗೆಗೆ ಮುಟ್ಟಿಸುವಂತಿರಲಿಲ್ಲ. ಭಟ್ಟರು ಕಣ್ಣಂದಾಜಿನಲ್ಲಿ ಉಪ್ಪು ಹಾಕಿದರು.

ಅಂದಾಜು ತಪ್ಪಿತು. ಸಂಜೆಯೊಳಗೆ ಆ್ಯಪ್‌ನಲ್ಲಿ ಒಂದೇ ಸ್ಟಾರ್ ಕೊಟ್ಟವರು ಸಾಲಾಗಿ ಬರೆದಿದ್ದರು, ಸಾಂಬಾರಿನಲ್ಲಿ ಉಪ್ಪೇ ಇಲ್ಲವೆಂದು. ಮುಚ್ಚಿದ್ದರೆ ಇಷ್ಟು ಕೆಡುತ್ತಿರಲಿಲ್ಲ.

ಮರುದಿನ ದ್ವಾದಶಿ. ಪಾರಣೆಗೆ ಎಲೆಯ ಮುಂದೆ ಕೂತ ನನ್ನವರು ನನ್ನ ಮುಖ ನೋಡದೆ, "ಮುಂದಿನ ಸಲ ಒಬ್ರಾದ್ರೂ ಉಪ್ಪು ನೋಡ್ಬೇಕಲ್ಲ" ಎಂದರು.

ಯಾರೆಂದು ಹೇಳಲಿಲ್ಲ. ಮಗಳು ಆ ಹೊತ್ತಿಗೆ ಏಳುವವಳಲ್ಲ. ಭಟ್ಟರು ವ್ರತ ಬಿಡುವವರಲ್ಲ.

"ನಾನು ನೋಡ್ತೇನೆ" ಎಂದೆ.

ಮದುವೆಯಾದಂದಿನಿಂದ ನಾನು ಒಂದು ಏಕಾದಶಿಯನ್ನೂ ತಪ್ಪಿಸಿದವಳಲ್ಲ. ಬೇಡ ಎಂದಾರೆಂದು ಸ್ವಲ್ಪ ಹೊತ್ತು ಕಾದೆ. ಅವರು ಅನ್ನಕ್ಕೆ ಸಾರು ಹಾಕಿಸಿಕೊಂಡರು.