ಗೋಡೆಯ ಜಾಗದಲ್ಲಿ ಕಣಗಿಲ

ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಪಕ್ಕದ ಮನೆಯ ಖಾಲಾ ಎಷ್ಟು ಗಿಡ್ಡ ಎಂದರೆ, ನಮ್ಮ ಬಾಗಿಲ ಮೇಲಿನ ಚಿಲಕ ಅವರ ಕೈಗೆ ಎಟುಕುತ್ತಿರಲಿಲ್ಲ. ಮೆಹಂದಿಯಿಂದ ಕೆಂಪಾದ ಕೂದಲು, ಕೈಯಲ್ಲೊಂದು ಹಳೆಯ ಕತ್ತರಿ. ಎರಡೂ ಮನೆಗಳ ನಡುವಿನ ಕಣಗಿಲದ ಬೇಲಿ ಸ್ವಲ್ಪ ಬೆಳೆಯಿತೆಂದರೆ ಮೊಗ್ಗಿದ್ದರೂ ಬಿಡದೆ ಕತ್ತರಿಸುತ್ತಿದ್ದರು. ‘ನಾ ಕುಂತ್ರೂ ನಿಮ್ಮ ಅಂಗಳ ಕಾಣಬೇಕು’ ಎನ್ನುತ್ತಿದ್ದರು.

ಕಾಣಬೇಕಾದದ್ದು ನಮ್ಮಮ್ಮ. ಅವಳಿಗೆ ಮೂರ್ಛೆರೋಗ, ಯಾವಾಗ ಎಲ್ಲಿ ಬೀಳುತ್ತಾಳೆಂದು ಹೇಳುವಂತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೇ. ನಾನು ಪಾಠ ಹೇಳುವ ಶಾಲೆ ದೇವದುರ್ಗದಲ್ಲಿ. ಬೆಳಿಗ್ಗೆ ರಾಯಚೂರಿನಲ್ಲಿ ಬಸ್ಸು ಹತ್ತಿದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ನೌಕರಿ ಬಿಡುವುದೊಂದೇ ದಾರಿ ಎಂದುಕೊಂಡಿದ್ದೆ.

ಆಗಿನ್ನೂ ಆ ಬೇಲಿ ಇರಲಿಲ್ಲ. ಅದೇ ದಿನಗಳಲ್ಲಿ ಖಾಲಾ ಅವರ ಮಗ ನಡುವೆ ಎತ್ತರದ ಗೋಡೆ ಕಟ್ಟಿಸಲು ಇಟ್ಟಿಗೆ ಇಳಿಸಿದರು. ಮನೆಯ ಹೆಣ್ಣುಮಕ್ಕಳಿಗೆ ಮರೆ ಬೇಕು ಎಂಬುದು ಅವರ ಮಾತು, ಅದರಲ್ಲಿ ತಪ್ಪೇನಿಲ್ಲ. ಖಾಲಾ ಕೂಡ ಬುರ್ಖಾ ಇಲ್ಲದೆ ಓಣಿಗೆ ಇಳಿದವರಲ್ಲ. ಆದರೂ ಮಗನಿಗೆ ನನ್ನೆದುರೇ, ಕನ್ನಡದಲ್ಲೇ ಹೇಳಿದರು: ‘ಗ್ವಾಡಿ ಕಟ್ಟಿದ್ರ ಆಕಿ ಬಿದ್ದಾಗ ಯಾರಿಗೆ ಕಾಣ್ತದ? ಪರದಾ ಬೇಕಂದ್ರ ಕಿಡಕಿಗೆ ಹಾಕ್ಸು. ಇಲ್ಲಿ ನಾ ಗಿಡ ಹಚ್ತೀನಿ.’

ಮಾನ್ವಿಯ ತವರಿನಿಂದ ಗಿಡ್ಡ ಜಾತಿಯ ಕಣಗಿಲದ ಕಡ್ಡಿ ತಂದರು. ಎರೆಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯಬಾರದೆಂದು ಉಸುಕು ಬೆರೆಸಿದರು. ಗೋಡೆಗೆ ತಂದ ಇಟ್ಟಿಗೆ ಗಿಡದ ಸುತ್ತ ಅಂಚಾಯಿತು. ಮೊದಲ ಬೇಸಿಗೆ ನೀರು ಹಾಕಿದ್ದಷ್ಟೇ. ಆಮೇಲೆ ನಾನು ಕೊಡ ಹಿಡಿದು ಹೋದರೆ ‘ಸಾಕು ಬಿಡವ್ವಾ, ಅದಕ್ಕ ಭಾಳ ಲಾಡ ಮಾಡಬ್ಯಾಡ’ ಎಂದು ಗದರುತ್ತಿದ್ದರು. ನಮ್ಮೂರಿನ ಬಿಸಿಲಿಗೆ ನಾವೆಲ್ಲ ಬಾಡಿದರೂ ಆ ಗಿಡ ಹಸಿರಾಗಿಯೇ ಇರುತ್ತಿತ್ತು. ಆಡುಗಳೂ ಮೂಸಿ ನೋಡಿ ಮುಂದೆ ಹೋಗುತ್ತಿದ್ದವು. ಹೂವೆಲ್ಲ ಅಮ್ಮನ ಪೂಜೆಗೆ.

ಒಂದು ಮಧ್ಯಾಹ್ನ ಬಟ್ಟೆ ಒಣಹಾಕುವಾಗ ಅಮ್ಮ ಬಿದ್ದಳು. ಖಾಲಾ ಬುರ್ಖಾದ ನೆನಪೂ ಇಲ್ಲದೆ, ಬೇಲಿ ತುಳಿದುಕೊಂಡೇ ಬಂದು ಅವಳನ್ನು ಮಗ್ಗುಲಿಗೆ ಹೊರಳಿಸಿದರಂತೆ. ತಲೆಯ ಕೆಳಗೆ ದುಪಟ್ಟಾ ಮಡಚಿಟ್ಟು, ಎಚ್ಚರವಾಗುವವರೆಗೆ ಬಿಸಿಲಲ್ಲೇ ಕೂತಿದ್ದರಂತೆ. ಸಂಜೆ ನಾನು ಬಂದಾಗ ಅಮ್ಮ ಮಲಗಿದ್ದಳು, ಖಾಲಾ ಅವರ ಕಾಲ ತುಂಬ ಗೀರು. ನನಗೆ ಅಳು ತಡೆಯಲಾಗಲಿಲ್ಲ. ಖಾಲಾ ಮುರಿದ ಗಿಡಗಳ ಕಡೆ ನೋಡಿ, ‘ಅವು ಚಿಗಿತಾವ ತಗೋ. ಮದಲ ಚಾ ಕುಡಿ. ನಾಳಿ ಸಾಲಿಗೆ ಹೋಗು’ ಎಂದರು. ಮರುದಿನ ಹೋದೆ. ಇವತ್ತಿಗೂ ಹೋಗುತ್ತಿದ್ದೇನೆ. ನಾನು ಉಣ್ಣುವ ಅನ್ನದಲ್ಲಿ ಅವರ ಋಣವಿದೆ.

ಹೋದ ವರ್ಷ ಮಗ, ಸೊಸೆ ನೆಂಟರ ಮದುವೆಗೆಂದು ಪರವೂರಿಗೆ ಹೋಗಿದ್ದಾಗ ಖಾಲಾ ಒಬ್ಬರೇ ಇದ್ದರು. ಅಂಗಳದಲ್ಲಿ ಕೂತವರು ಹಾಗೆಯೇ ಒಂದು ಕಡೆ ವಾಲಿದ್ದನ್ನು ಮೊದಲು ಕಂಡದ್ದು ಅಮ್ಮ. ನಾನು ದೇವದುರ್ಗದಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮನ ಸೀರೆಯ ಅಂಚೆಲ್ಲ ಬೇಲಿಗೆ ಸಿಕ್ಕಿ ಹರಿದಿತ್ತು.

‘ಕೊನೀಗೆ ಅವ್ರು ಒಬ್ಬರ ಇರ್ಲಿಲ್ಲ ನೋಡು’ ಎಂದಳು. ‘ನನ್ನ ಕೈ ಹಿಡಕೊಂಡಿದ್ರು.’