ಮೆಟ್ಟಿಲು ಬಾವಿಯ ವಾಲೀಕಾರ

ಅವರ ಎಡಗಾಲಿನ ಮೀನಖಂಡದ ಮೇಲೆ ಆರು ಕಲೆಗಳಿದ್ದವು. ಒಂದೊಂದೂ ಹುಣಸೆಬೀಜದಷ್ಟು ದೊಡ್ಡದು, ಅಂಚು ಕಪ್ಪು, ನಡುವೆ ಬಿಳಿಚಿದ ಚರ್ಮ. ಪಾದದ ಮೇಲೆ ಇನ್ನೊಂದಿತ್ತು. ಅದು ಮಾಯುವಾಗ ನರ ಜಗ್ಗಿ ಹೆಬ್ಬೆರಳು ಮೇಲಕ್ಕೆ ಸೆಟೆದು ನಿಂತಿದ್ದರಿಂದ, ಅವರು ಹಾದುಹೋದ ಧೂಳಿನಲ್ಲಿ ಒಂದು ಪಾದಕ್ಕೆ ನಾಲ್ಕೇ ಬೆರಳು ಮೂಡುತ್ತಿದ್ದವು. ಯಾರಾದರೂ ಕೇಳಿದರೆ ಕಲೆಗಳನ್ನು ಒಂದೊಂದಾಗಿ ಮುಟ್ಟಿ, "ಇದು ನಮ್ಮವ್ವ ಸತ್ತ ವರ್ಷದ್ದು, ಇದು ಮಗಳ ಲಗ್ನದ ವರ್ಷದ್ದು" ಎಂದು ಹೇಳುತ್ತಿದ್ದರು. ಬೇರೆಯವರಾದರೆ ಮುಚ್ಚಿಕೊಳ್ಳುವ ಕಾಲುಗಳನ್ನು ಅವರು ಪಂಚಾಂಗದ ಹಾಗೆ ಬಿಚ್ಚಿ ತೋರಿಸುತ್ತಿದ್ದರು.

ಅವೆಲ್ಲ ನಾರುಹುಣ್ಣಿನ ಕಲೆಗಳು. ಇಂದಿನವರಿಗೆ ಆ ಹೆಸರೇ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಪುಣ್ಯ. ಬೇಸಿಗೆಯಲ್ಲಿ ಕಾಲಿನ ಮೇಲೆ ಒಂದು ಗುಳ್ಳೆ ಏಳುತ್ತದೆ, ಬೆಂಕಿ ಇಟ್ಟಂತೆ ಉರಿಯುತ್ತದೆ. ಗುಳ್ಳೆ ಒಡೆದಾಗ ಅದರೊಳಗಿಂದ ಬಿಳಿ ದಾರದಂಥ ಹುಳು ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೊಂದು ಬೆರಳಿನಷ್ಟು ಎಳೆಯಬೇಕು. ಹರಿದರೆ ಕಾಲು ಕೀವುಗಟ್ಟುತ್ತದೆ, ಒಮ್ಮೊಮ್ಮೆ ಜೀವವೇ ಹೋಗುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರು ಬಿಟ್ಟು ದೇವದುರ್ಗ ತಾಲೂಕಿನ ಆ ಊರಿಗೆ ನರ್ಸ್ ಆಗಿ ಹೋದೆ. ಮಸರಕಲ್ಲಿನಲ್ಲಿ ಬಸ್ಸಿಳಿದು ಎರಡು ಹರದಾರಿ ನಡೆಯಬೇಕು. ಊರ ಹೆಸರು ಇಲ್ಲಿ ಬೇಡ, ಅವರ ಹೆಸರೂ ಬೇಡ. ಊರೆಲ್ಲ ಅವರನ್ನು ವಾಲೀಕಾರ ಎನ್ನುತ್ತಿತ್ತು, ನಾನು ಕಾಕಾ ಎನ್ನುತ್ತಿದ್ದೆ. ಕಚೇರಿಯಿಂದ ಬಂದ ಸುದ್ದಿಯನ್ನು ಓಣಿ ಓಣಿಗೆ ಕೂಗಿ ಹೇಳುವುದು ಅವರ ಕೆಲಸ. ಡಂಗುರ ಸಾರಲು ಹಲಗೆ ಗಿಲಗೆ ಇರಲಿಲ್ಲ. ಕೋಲಿನಿಂದ ಮೂರು ಸಲ ನೆಲ ಗುದ್ದಿ, ಒಂದು ಕಿವಿಗೆ ಕೈ ಇಟ್ಟು ಕೂಗಿದರೆ ಹೊಲದ ಆಚೆಯ ದನಗಳೂ ತಲೆಯೆತ್ತುತ್ತಿದ್ದವು. ಕೊನೆಗೆ ಯಾವಾಗಲೂ ಒಂದೇ ಮಾತು: "ಕೇಳಿದವರು ಕೇಳಲಾರದವರಿಗೆ ಹೇಳ್ರೆಪೋ!"

ಅದು ಸರ್ಕಾರದ ಕೆಲಸ. ಅವರ ನಿಜವಾದ ಕೆಲಸ ಶುರುವಾಗುತ್ತಿದ್ದುದು ಅದು ಮುಗಿದ ಮೇಲೆ. ನಾಯಕರ ಓಣಿಯ ಮುದುಕ ಮುದುಕಿಯರಿಗೆ ಅವರೇ ಪೇಪರು, ಅವರೇ ರೇಡಿಯೋ, ಅರ್ಧ ಡಾಕ್ಟರೂ ಅವರೇ. ಓಣಿಯ ಹರೆಯದ ಮಂದಿಯೆಲ್ಲ ನಾಟಿ ಕೆಲಸಕ್ಕೆಂದು ಮಾನ್ವಿಯ ಕಾಲುವೆ ಸೀಮೆಗೆ ಹೋದರೆ ಹಿಂದೆ ಉಳಿಯುತ್ತಿದ್ದವರು ಈ ಹಿರಿಯರೇ. ಕಾಕಾ ಪ್ರತಿದಿನ ಬೆಳಗ್ಗೆ ಅವರನ್ನೆಲ್ಲ ಮೆಟ್ಟಿಲು ಬಾವಿಗೆ ಕರೆತರುತ್ತಿದ್ದರು. ನಡೆಯಲಾಗದವರನ್ನು ಬೆನ್ನ ಮೇಲೆ ಹೊತ್ತು ಇಪ್ಪತ್ತಾರು ಮೆಟ್ಟಿಲು ಇಳಿಸುತ್ತಿದ್ದರು. ನಾರು ಎದ್ದವರಿಗೆ ನೀರಿನ ಅಂಚಿನ ಮೆಟ್ಟಿಲು ಮೀಸಲು. "ಕಾಲು ಬಿಡು ಯವ್ವಾ ನೀರಾಗ, ಉರಿ ಇಳೀತದ," ಎಂದು ತಾವೇ ಅವರ ಪಾದ ಹಿಡಿದು ನೀರಿನಲ್ಲಿ ಅದ್ದುತ್ತಿದ್ದರು. ಆಮೇಲೆ ಸುದ್ದಿ: ಮಾನ್ವಿಯಲ್ಲಿ ಯಾರ ಮಗಳಿಗೆ ಜ್ವರ ಬಂದಿದೆ, ರಾಯಚೂರಿನಲ್ಲಿ ಯಾರ ಮೊಮ್ಮಗನಿಗೆ ನೌಕರಿ ಸಿಕ್ಕಿದೆ, ದೇವದುರ್ಗದ ಸಂತೆಗೆ ಏನು ಬಂತು. ಹೇಳುತ್ತ ಹೇಳುತ್ತಲೇ ಒಬ್ಬರ ಕಣ್ಣಿನ ರೆಪ್ಪೆ ಎತ್ತಿ ನೋಡುವರು, ಇನ್ನೊಬ್ಬರ ಕೆಮ್ಮಿಗೆ ಕಿವಿಗೊಡುವರು. "ಈ ಕೆಮ್ಮು ನಿನ್ನೀದಲ್ಲ, ಹೊಸಾದು. ಬಾಯಾರಿಗೆ ತೋರ್ಸು," ಎಂದು, ಊರಿಗೆ ನರ್ಸ್ ಬಾಯಿಯಾದ ನನ್ನತ್ತ ಕಳಿಸುವರು.

ನನಗೆ ಆ ವ್ಯವಸ್ಥೆ ಬಹಳ ಹಿಡಿಸಿತು. ಮನೆ ಮನೆ ಅಲೆಯುವುದು ತಪ್ಪಿತಲ್ಲ! ಗುಳಿಗೆ ಡಬ್ಬಿ ಹಿಡಿದು ನಾನೂ ಬಾವಿಗಿಳಿದೆ. ಎರಡು ಬೇಸಿಗೆ ಅಲ್ಲೇ ಕೂತು ಗುಳಿಗೆ ಹಂಚಿದೆ. ಬರದೇ ಉಳಿದವರನ್ನು ಬೈದು ಕರೆಸಿದೆ. ನಾನೇ ಎಷ್ಟೋ ಮಂದಿಯ ಕೈಹಿಡಿದು ಕೆಳಗಿಳಿಸಿದೆ, ಉರಿಯುವ ಕಾಲುಗಳನ್ನು ನೀರಿಗೆ ಬಿಡಿಸಿದೆ. ಕಾಕಾನ ಅಕ್ಕ ಬೊಗಸೆಯಲ್ಲಿ ತುಂಬಿ ಕೊಟ್ಟ ಅದೇ ನೀರನ್ನು ಕುಡಿದೆ. ಸಿಹಿ ನೀರು. ಊರ ಹೊರಗೆ ಹೊಸದಾಗಿ ಹಾಕಿದ್ದ ಬೋರಿಂಗಿನದು ಸವಳು, ಅದನ್ನು ದನ ಕೂಡ ಮೂಸಿ ಬಿಡುತ್ತಿತ್ತು. ಬಾವಿಯ ನೀರು ಹಸಿರಾಗಿ, ಅಲುಗದೆ, ಸುಮ್ಮನೆ ನಿಂತಿರುತ್ತಿತ್ತು.

ಮೂರನೆಯ ಬೇಸಿಗೆಯ ಮೊದಲು ರಾಯಚೂರಿನಲ್ಲಿ ನಾಲ್ಕು ದಿನ ನಮಗೆ ನಾರಿನ ಬಗ್ಗೆ ಪಾಠವಾಯಿತು. ಉರಿಯುವ ಕಾಲನ್ನು ನೀರಿಗಿಟ್ಟಾಗಲೇ ಹುಳು ತನ್ನ ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ನೀರಿನಲ್ಲಿರುವ ಚುಕ್ಕಿಯಂಥ ಜೀವಿಗಳು ಆ ಮರಿಗಳನ್ನು ನುಂಗುತ್ತವೆ. ಆ ನೀರು ಕುಡಿದವರ ಹೊಟ್ಟೆಗೆ ಹೋದ ಮರಿ ಒಂದು ವರ್ಷ ಸದ್ದಿಲ್ಲದೆ ಬೆಳೆದು ಮುಂದಿನ ಬೇಸಿಗೆಯಲ್ಲಿ ಕಾಲಿನಿಂದ ಹೊರಬರುತ್ತದೆ. ಕುಡಿದವರಿಗೆ ಒಂದು ವರ್ಷ ಏನೂ ಗೊತ್ತಾಗುವುದಿಲ್ಲ.

ಊರಿಗೆ ಬಂದವಳೇ ಕಾಕಾನನ್ನು ಬಾವಿಯ ದಂಡೆಗೆ ಕರೆದೆ. ಗಾಜಿನ ಲೋಟದಲ್ಲಿ ಬಾವಿ ನೀರು ತುಂಬಿ ಬಿಸಿಲಿಗೆ ಹಿಡಿದೆ, ಕೈಗೆ ಭೂತಗನ್ನಡಿ ಕೊಟ್ಟೆ. ಬಿಳಿ ಚುಕ್ಕಿಗಳು ನೀರಿನಲ್ಲಿ ಕುಪ್ಪಳಿಸುತ್ತಿದ್ದವು. ಅವರು ಬಹಳ ಹೊತ್ತು ನೋಡಿದರು. ನಾನು ಕಲಿತದ್ದನ್ನೆಲ್ಲ ಹೇಳಿ ಮುಗಿಸಿದೆ.

"ಅಂದ್ರ ಬಾಯಾರ," ಎಂದರು ಕನ್ನಡಿ ಕೆಳಗಿಡದೆ, "ಉರಿ ಇಳೀಲಿ ಅಂತ ನಾ ಇಳಿಸಿದ್ನಲ್ರಿ, ಆ ಕಾಲಿಂದನ ಇದು ಬಂದದ್ದು?"

"ಹೌದು ಕಾಕಾ."

"ಎಷ್ಟು ಮಂದೀನ ಇಳಿಸೀನಿ ನಾನು..."

"ನಾನೂ ಇಳಿಸಿದ್ದೀನಿ."

ಅವರು ನನ್ನ ಮುಖ ನೋಡಿದರು. "ನಿಮಗ ಗೊತ್ತಿದ್ದಿಲ್ಲ. ಹೊರಗಿಂದ ಬಂದವರು ನೀವು. ಇಳಿಸಿದಾಂವ ನಾನು. ಈ ಮಾತು ಇಲ್ಲೇ ಬಿಡ್ರಿ, ಯಾರ ಮುಂದೂ ಆಡಬ್ಯಾಡ್ರಿ. ನಿಮ್ಮ ಮಾತಿನ ಮ್ಯಾಲ ಮಂದಿಗೆ ನಂಬಿಕಿ ಹೋತಂದ್ರ ಈ ಬಾವಿ ಬಿಡಿಸಾಕ ಯಾರಿಂದಲೂ ಆಗಾಂಗಿಲ್ಲ."

ನಾನು ಒಪ್ಪಿಕೊಂಡೆ. ಹೆದರಿಕೆಯಿಂದಲೂ ಒಪ್ಪಿಕೊಂಡೆ ಎನ್ನುವುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅಂದೇ ಅವರು ಓಣಿಯಲ್ಲಿ ಕೂಗಿದರು. ಕುಡಿಯುವ ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಬೇಕು, ನಾರು ಎದ್ದವರು ಬಾವಿಗೆ ಇಳಿಯಬಾರದು. ಹಿರಿಯರು ನಕ್ಕರು. ಮರುದಿನ ಬೆಳಗ್ಗೆ ಬಂದು ನೋಡಿದರೆ ಕಾಕಾ ಬಾವಿಯ ಮೇಲಿನ ಮೆಟ್ಟಿಲಿನಲ್ಲಿ ಕೋಲು ಅಡ್ಡ ಇಟ್ಟುಕೊಂಡು ಕೂತಿದ್ದರು. ಆಗ ನಗು ನಿಂತಿತು. ಸುದ್ದಿ ಇನ್ನು ಮನೆ ಬಾಗಿಲಿಗೇ ಬರುತ್ತದೆ ಎಂದರು. ಹಾಗೇ ಮಾಡಿದರು ಕೂಡ. ಒಂದು ಕೈಯಲ್ಲಿ ಕೊಡ, ಇನ್ನೊಂದರಲ್ಲಿ ಬೋಗುಣಿ ಹಿಡಿದು, ನಾರು ಎದ್ದವರ ಕಾಲನ್ನು ಅವರವರ ಅಂಗಳದಲ್ಲೇ ತೊಳೆದು, ಆ ನೀರನ್ನು ದೂರದ ಒಣ ನೆಲಕ್ಕೆ ಚೆಲ್ಲಿ ಬರುವರು. ಆದರೆ ಮುದುಕರಿಗೆ ಬೇಕಾಗಿದ್ದದ್ದು ನೀರೊಂದೇ ಅಲ್ಲವಲ್ಲ. ಒಬ್ಬರ ಪಕ್ಕ ಒಬ್ಬರು ಕೂರುವುದು ಬೇಕಿತ್ತು. ಅದನ್ನು ಅವರಿಂದ ಕಿತ್ತುಕೊಂಡೆವು. "ವಾಲೀಕಾರ ಸರ್ಕಾರದ ಕಡಿ ಹೊಳ್ಳ್ಯಾನ," ಎಂಬ ಮಾತು ಓಣಿಯಲ್ಲಿ ಹಬ್ಬಿತು.

ಆ ಬೇಸಿಗೆ ಅವರ ಅಕ್ಕನಿಗೆ ನಾರು ಎದ್ದಿತು. ತಾಯಿ ಸತ್ತ ಮೇಲೆ ಅವರನ್ನು ಸಾಕಿ ಬೆಳೆಸಿದವಳು ಆಕೆ. ಗಂಡ ತೀರಿದ ಮೇಲೆ ತಮ್ಮನ ಮನೆಯಲ್ಲೇ ಇದ್ದಳು. ಗುಳ್ಳೆ ಎದ್ದ ಹಿಮ್ಮಡ ನೆಲಕ್ಕೆ ತಾಗಿಸದೆ, ಕೋಲೂರಿಕೊಂಡು ಬಾವಿಗೆ ಬಂದಳು. ನಾನೂ ಅಲ್ಲಿದ್ದೆ.

"ಬಿಡಲೇ ತಮ್ಮಾ, ಒಂದ ಸಲ ಇಳೀತೀನಿ. ಜೀವ ಹೋಗಾಕತ್ತದ."

"ಬ್ಯಾಡ ಯಕ್ಕಾ. ಮನೀಗೆ ನಡಿ, ನಾ ನೀರು ತರ್ತೀನಿ."

"ಊರ ಮಂದೀನೆಲ್ಲ ಹೊತ್ತು ಇಳಿಸೀದಿ. ನನಗ ಅಡ್ಡ ಕುಂತೀಯೇನು?"

ಅವರು ಕೋಲು ಸರಿಸಲಿಲ್ಲ. ಆಕೆ ಅಲ್ಲೇ ಕೂತು ಅತ್ತಳು. ಕೊನೆಗೆ ಅವರೇ ಆಕೆಯನ್ನು ಬೆನ್ನ ಮೇಲೆ ಹೊತ್ತು ಮನೆಗೆ ಒಯ್ದರು. ಹುಳು ಇರುವವರೆಗೆ ತಾನೇ ಈ ನಿರ್ಬಂಧ ಎಂದುಕೊಂಡಳೋ ಏನೋ, ಅವರು ಮಸರಕಲ್ಲಿಗೆ ಹೋಗಿದ್ದ ದಿನ ಆಕೆ ಅದನ್ನು ಹಿಡಿದು ಒಮ್ಮೆಲೇ ಎಳೆದುಬಿಟ್ಟಳು. ಅದು ಹರಿಯಿತು. ಮೇಲೆ ಸಗಣಿ ಮೆತ್ತಿಕೊಂಡಳು, ನಮಗೆ ತಿಳಿಸಲಿಲ್ಲ. ವಾರ ಕಳೆಯುವುದರಲ್ಲಿ ಕಾಲು ತೊಡೆಯವರೆಗೂ ಬಾತಿತು, ದವಡೆ ಕಚ್ಚಿಕೊಂಡಿತು. ಚಕ್ಕಡಿ ಹೂಡಿ, ದೇವದುರ್ಗಕ್ಕೆ ಒಯ್ದು, ಅಲ್ಲಿಂದ ರಾಯಚೂರಿಗೆ ಮುಟ್ಟಿಸಿದೆವು. ಆ ಹೊತ್ತಿಗೆ ಯಾರ ಕೈಯಲ್ಲೂ ಏನೂ ಉಳಿದಿರಲಿಲ್ಲ.

ಸಾವಿನ ಸುದ್ದಿ ಕೂಗುವುದೂ ವಾಲೀಕಾರನದೇ ಕೆಲಸ. ಬೇರೆ ಯಾರಾದರೂ ಕೂಗಲಿ ಎಂದೆ. ಅವರು ಕೇಳಲಿಲ್ಲ. ಕೋಲು ಗುದ್ದಿ, ಕಿವಿಗೆ ಕೈ ಇಟ್ಟು ತಮ್ಮ ಅಕ್ಕನ ಸಾವನ್ನು ತಾವೇ ಕೂಗಿದರು. ಧ್ವನಿ ಒಂದಿಷ್ಟೂ ಒಡೆಯಲಿಲ್ಲ. ಅದಕ್ಕೇ ಮಂದಿ ಅವರನ್ನು ಇನ್ನಷ್ಟು ದ್ವೇಷಿಸಿದರು.

ಹೂಳಿ ಬಂದವರು ಬಾವಿಗಿಳಿದು ಮುಳುಗಿ ಮೈಲಿಗೆ ಕಳೆದುಕೊಂಡೇ ಮನೆ ಹೊಗಬೇಕು. ಅದು ಆ ಓಣಿಯ ಪದ್ಧತಿ. ಬಂದವರಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡ ನಾಲ್ಕೈದು ಮಂದಿಯನ್ನು ನಾನು ಆಗಲೇ ನೋಡಿದ್ದೆ. ಮಣ್ಣು ಕೊಟ್ಟ ಕೈ ಇನ್ನೂ ಒಣಗಿರಲಿಲ್ಲ, ಕಾಕಾ ಎಲ್ಲರಿಗಿಂತ ಮುಂಚೆ ನಡೆದು ಹೋಗಿ ಮೆಟ್ಟಿಲಿಗೆ ಅಡ್ಡ ನಿಂತರು. ಪಕ್ಕದ ಹೊಲದಲ್ಲಿ ಸಾಲಾಗಿ ಕೊಡಗಳಿದ್ದವು. ನಸುಕಿನಲ್ಲೇ ಒಬ್ಬರೇ ಸೇದಿ ತುಂಬಿಟ್ಟಿದ್ದರು.

"ಇಲ್ಲಿ ಬರ್ರಿ. ಮೈ ಮ್ಯಾಲ ನಾ ಹಾಕ್ತೀನಿ. ಬಾವ್ಯಾಗ ಯಾರೂ ಇಳೀಬ್ಯಾಡ್ರಿ."

ಓಣಿಯ ಹಿರಿಯಜ್ಜ ಮುಂದೆ ಬಂದರು. ಅವರ ಮಾತನ್ನು ಆ ಓಣಿಯಲ್ಲಿ ಯಾರೂ ಮೀರುತ್ತಿರಲಿಲ್ಲ. "ಒಡಹುಟ್ಟಿದಾಕೀನ ಕೊಂದಿ. ಈಗ ಆಕೀ ಮೈಲಿಗೀನ ಮನಿ ಮನಿಗೆ ಹೊತ್ತು ಹೋಗು ಅಂತೀಯೇನು? ವರ್ಷ ತುಂಬೂದ್ರಾಗ ನಿನ್ನ ಬಾಗಿಲದಾಗೂ ಇದ ಅಳು ಕೇಳ್ತದ, ನೋಡ್ಕೋ."

"ವರ್ಷದ ಮಾತು ನನಗೂ ಗೊತ್ತದ ಯಪ್ಪಾ," ಎಂದರು ಕಾಕಾ. "ಹೋದ ವರ್ಷ ಕುಡದದ್ದು ಈಗ ನಮ್ಮ ಕಾಲಾಗ ಅದ. ಇವತ್ತು ನೀವು ಇಳದ್ರ ಮುಂದಿನ ವರ್ಷದ್ದು. ನನ್ನ ಬಡೀರಿ, ಬೈರಿ. ಇಳಿಯಾಕ ಬಿಡಾಂಗಿಲ್ಲ."

ಆ ಹೊತ್ತಿನಲ್ಲಿ ಯಾರೋ ಕೂಗಿದರು: "ಈ ಬಾಯೀನೂ ಅಲ್ಲೇ ಕುಂತು ಗುಳಿಗಿ ಕೊಡ್ತಿದ್ಲಲ್ಲ, ಆಗ ಯಾಕ ಹೇಳಲಿಲ್ಲ?" ನಾನು ಬಾಯಿ ತೆರೆಯುವ ಮೊದಲೇ ಕಾಕಾ, "ಅಕೀನ ನಾ ಕರದು ಕೂಡಿಸಿದ್ದೆ. ಕೇಳೂದಿದ್ರ ನನ್ನ ಕೇಳ್ರಿ," ಎಂದರು. ನಾನು ಸುಮ್ಮನಿದ್ದೆ. ಮಂದಿ ಉಗಿದು, ಸ್ನಾನವಿಲ್ಲದೆಯೇ ಊರಿಗೆ ಹೊರಟರು. ತುಂಬಿದ ಕೊಡಗಳು ಸಂಜೆಯವರೆಗೆ ಹಾಗೇ ನಿಂತಿದ್ದವು.

ಮುಂದಿನ ಒಂದು ವರ್ಷ ಹೇಗೆ ಕಳೆಯಿತು ಎಂದು ಹೇಳಲಾರೆ. ಅವರ ಬಾಗಿಲಿಗೆ ಒಬ್ಬರೂ ಬರುತ್ತಿರಲಿಲ್ಲ. ಆದರೂ ದಿನ ಬೆಳಗಾದರೆ ಬೋಗುಣಿ ಹಿಡಿದು ಹೊರಡುತ್ತಿದ್ದರು. ಬಾಗಿಲು ತೆರೆಯದ ಮನೆಗಳ ಮುಂದೆ ಹೊರಗೇ ನಿಂತು ಸುದ್ದಿ ಹೇಳಿ, ಒಳಗಿನ ಕೆಮ್ಮಿಗೆ ಕಿವಿಗೊಟ್ಟು, ನನಗೆ ಬಂದು ತಿಳಿಸುತ್ತಿದ್ದರು. ನಾನು ರಾತ್ರಿ ಮಲಗುವಾಗ ಕಾಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅದರ ವರ್ಷ ದಾಟಿದೆ ಎಂದು ಗೊತ್ತಿದ್ದರೂ, ಕಾಕಾನ ಅಕ್ಕ ಬೊಗಸೆಯಲ್ಲಿ ಕೊಟ್ಟ ನೀರು ಒಳಗೆ ಎಲ್ಲಿದೆ ಎಂದು ಹುಡುಕಿದಂತೆ ಹುಡುಕುತ್ತಿದ್ದೆ.

ಅದು ಬಂದೇ ಬಂತು. ಯುಗಾದಿಯ ಮುಂದಿನ ವಾರ ನನ್ನ ಕಾಲಿನ ಹರಡಿನ ಗಂಟಿನ ಮೇಲೆ ಗುಳ್ಳೆ ಎದ್ದಿತು. ಸೋಸಿದ ನೀರನ್ನು ಊರಿಗೆ ಕಲಿಸುವ ನಾನೇ ನಡುವೆ ಎಲ್ಲೋ ಸೋಮಾರಿತನ ಮಾಡಿರಬೇಕು. ಕಾಕಾ ನೋಡಿ, ಬಹಳ ದಿನಗಳ ಮೇಲೆ ನಕ್ಕರು. "ಪಗಾರದ ಮಂದೀನೂ ಬಿಡಲಿಲ್ಲ ನೋಡ್ರಿ ಇದು!" ಹತ್ತಿಯ ನೂಲು ಸುತ್ತಿದ ಕಡ್ಡಿಗೆ ಹುಳುವನ್ನು ಸುತ್ತುತ್ತ, ದಿನಕ್ಕೊಂದಿಷ್ಟು, ಉಸಿರು ಹಿಡಿದು ಎಳೆದರು. ಉರಿ ತಾಳಲಾರದೆ ನಾನೂ ಒಂದು ಮಧ್ಯಾಹ್ನ, "ಕಾಕಾ, ಬಾವಿಗೆ ಕರಕೊಂಡು ಹೋಗ್ರಿ," ಎಂದು ಅತ್ತೆ. ಎಲ್ಲ ತಿಳಿದವಳು ನಾನು, ಹಾಗೆಂದೆ. ಅವರ ಅಕ್ಕ ಅಂದು ಏನು ಬೇಡಿದಳು ಎಂಬುದು ನನಗೆ ಆಗ ತಿಳಿಯಿತು. ಅವರು ಬೋಗುಣಿ ತಂದು ಕಾಲು ತೊಳೆದರು. ಹುಳು ಹರಿಯದೆ ಹೊರಬಂತು.

ಆ ವರ್ಷ ಓಣಿಯಲ್ಲಿ ನಾರು ಎದ್ದವರು ಬೆರಳಲ್ಲಿ ಎಣಿಸುವಷ್ಟೇ. ಅದರ ಮುಂದಿನ ವರ್ಷ ಇನ್ನೂ ಕಡಿಮೆ. ಬಾವಿಯ ಮೆಟ್ಟಿಲುಗಳಿಗೆ ಗೋಡೆ ಕಟ್ಟಿ ರಾಟೆ ಹಾಕಿದರು. ಹೀಗೆ ಆಗಲು ಯಾರು ಕಾರಣ ಎಂದು ಯಾರೂ ಆಡಲಿಲ್ಲ. ಕಾಕಾನೊಂದಿಗೆ ಮಾತು ಶುರುವಾಯಿತಾದರೂ ಅಕ್ಕನನ್ನು ಕೊಂದವನೆಂಬ ಹೆಸರು ಹೋಗಲಿಲ್ಲ. ಊರ ಮಂದಿಯನ್ನು ಬಾವಿಗಿಳಿಸಿದವನೂ ಅವನೇ ಎಂಬ ಮಾತೂ ಜೊತೆಗೆ ಸೇರಿಕೊಂಡಿತು. ನಾನು ಮಾತ್ರ ಒಳ್ಳೆಯ ನರ್ಸ್ ಆಗಿಯೇ ಉಳಿದೆ.

ಎಂಬತ್ತರ ದಶಕ ಮುಗಿಯುವ ಮುಂಚೆ, ಒಂದು ಬೇಸಿಗೆಯ ಕೊನೆಯಲ್ಲಿ ಅವರು ಹಾಸಿಗೆ ಹಿಡಿದರು. ನಾನು ನಾಡಿ ನೋಡುವಾಗ, "ಈ ವರ್ಷ ಎಷ್ಟು ಮಂದೀಗ್ರಿ?" ಎಂದು ಕೇಳಿದರು.

"ಯಾರಿಗೂ ಇಲ್ಲ ಕಾಕಾ. ಒಬ್ಬರಿಗೂ ಇಲ್ಲ."

"ಹಂಗಾರ ಕೂಗಿ ಹೇಳಬೇಕಿತ್ತಲ್ರಿ," ಎಂದರು. ಮರುದಿನ ಬೆಳಗ್ಗೆ ತೀರಿಕೊಂಡರು.

ಕೂಗಲು ಓಣಿಯಲ್ಲಿ ಬೇರೆ ವಾಲೀಕಾರ ಇರಲಿಲ್ಲ. ಅವರ ಕೋಲು ತೆಗೆದುಕೊಂಡೆ. ಮೂರು ಸಲ ನೆಲ ಗುದ್ದಿದೆ. ನನ್ನ ಧ್ವನಿ ಮೊದಲನೆಯ ಮಾತಿಗೇ ಒಡೆಯಿತು. ಅವರು ತೀರಿದ್ದನ್ನು ಹೇಳಿದೆ, ಈ ವರ್ಷ ಯಾರಿಗೂ ನಾರು ಇಲ್ಲ ಎಂದೆ. ಆಮೇಲೆ, "ಗುಳಿಗೆ ಕೊಡುವ ನೆಪದಲ್ಲಿ ಎರಡು ಬೇಸಿಗೆ ನಿಮ್ಮನ್ನು ಬಾವಿಗೆ ಇಳಿಸಿದವಳು ನಾನೂ ಹೌದು. ಅವರು ನನ್ನ ಹೆಸರು ಬರದಂತೆ ತಮ್ಮ ಮೇಲೆ ಹಾಕಿಕೊಂಡರು, ನಾನು ಸುಮ್ಮನಿದ್ದೆ," ಎಂದೆ. ಕೇಳಿದವರು ಕೇಳಲಾರದವರಿಗೆ ಹೇಳಿ ಎಂದು ಮುಗಿಸಿದೆ. ಬಾಗಿಲುಗಳಲ್ಲಿ ಹಿರಿಯರು ನಿಂತಿದ್ದರು.

ಮಣ್ಣು ಮಾಡಿ ಎಲ್ಲರಿಗಿಂತ ಹಿಂದೆ ಬಂದೆ. ಬೈಗುಳಕ್ಕೆ ತಯಾರಾಗಿಯೇ ಬಂದೆ. ಬಾವಿಯ ಪಕ್ಕದ ಹೊಲದಲ್ಲಿ, ಅಂದು ಅವರು ಇಟ್ಟಿದ್ದ ಜಾಗದಲ್ಲೇ, ತುಂಬಿದ ಕೊಡಗಳು ಸಾಲಾಗಿದ್ದವು. ಮಂದಿ ಒಬ್ಬರ ಮೇಲೊಬ್ಬರು ನೀರು ಹಾಕಿಕೊಳ್ಳುತ್ತಿದ್ದರು. ಈಗ ಕಣ್ಣು ಮಂಜಾಗಿದ್ದ ಹಿರಿಯಜ್ಜ ಒಂದು ಕೊಡದ ಪಕ್ಕ ತಂಬಿಗೆ ಹಿಡಿದು ನಿಂತಿದ್ದರು.

"ಬಾ ಬೇ, ಕಾಲು ನೀಡು," ಎಂದರು. ಹರಡಿನ ಮೇಲಿನ ನನ್ನ ಕಲೆಯನ್ನು ಬೆರಳಿನಿಂದ ತಡವಿ ನೋಡಿ, ಅದರ ಮೇಲೆ ನೀರು ಹಾಕಿದರು.