ತೂಬಿನ ಏಳನೇ ಮೆಟ್ಟಿಲು

ಸುಕನ್ಯ ಪುಸ್ತಕ ಓದುವುದು ಹಿಂದಿನಿಂದ. ಹುಣಸೂರಿನ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ಓದುವ ಈ ಹುಡುಗಿ ಮುನ್ನುಡಿಗೆ ದೂರದಿಂದಲೇ ಕೈಮುಗಿದು, ಮೊದಲು ಕೊನೆಯ ಪುಟದ ಆಧಾರಗಳ ಪಟ್ಟಿ ನೋಡುತ್ತಾಳೆ. ಆಮೇಲೆ ನಡುವೆ ಎಲ್ಲೋ ಒಂದು ಪುಟ. ಇದನ್ನು ಕಲಿಸಿದ್ದು ಯಾವ ಮೇಷ್ಟರೂ ಅಲ್ಲ, ಹೊಗೆಸೊಪ್ಪು ವಿಂಗಡಿಸುವ ಕೂಲಿಗೆ ಹೋಗುವ ಅವ್ವ ಸಣ್ಣತಾಯಮ್ಮ. ಬೇಲು ಎಂದರೆ ಮಾರಾಟಕ್ಕೆ ಕಟ್ಟಿದ ಸೊಪ್ಪಿನ ದೊಡ್ಡ ಹೊರೆ; ಅದರ ಮೇಲೆ ಯಾವಾಗಲೂ ಒಳ್ಳೆ ಬಣ್ಣದ ಎಲೆಯೇ ಇರುತ್ತದೆ. ಅವ್ವ ನಡುವಿಗೆ ಕೈ ಹಾಕಿ ಒಂದೆಲೆ ಎಳೆದು ಮೂಸುತ್ತಾಳೆ.

ಈ ಸಲದ ಪ್ರಾಜೆಕ್ಟಿಗೆ ಸುಕನ್ಯ ಆರಿಸಿಕೊಂಡದ್ದು ತನ್ನೂರಿನ ಕೆರೆ. ಸೋಮವಾರ ತರಗತಿಯಲ್ಲಿ ಓದಬೇಕು. ಗಟ್ಟಿ ಆಧಾರವಿಲ್ಲದಿದ್ದರೆ ಅಂಕವಿಲ್ಲ ಎಂದು ನೀಲಾಂಬಿಕೆ ಮೇಡಂ ಖಡಾಖಂಡಿತ ಹೇಳಿಬಿಟ್ಟಿದ್ದರು. ಆಧಾರಕ್ಕೇನು ಬರ? ಒಂದು ವೆಬ್‌ಸೈಟು, ಒಂದು ಪತ್ರಿಕಾ ಲೇಖನ, ಒಂದು ಸ್ಮರಣ ಸಂಚಿಕೆ ಮೂರೂ ಒಂದೇ ಮಾತು ಹೇಳುತ್ತಿದ್ದವು: ಪಾಳೇಗಾರನೊಬ್ಬನ ಹೆಂಡತಿ ಸೊಂಟದ ಡಾಬು ಮಾರಿ ಏಳು ಮೆಟ್ಟಿಲ ತೂಬು ಕಟ್ಟಿಸಿದಳು. ಕಥೆಯೇನೋ ಸೊಗಸಾಗಿತ್ತು. ಆದರೆ ಕೆರೆ ಪೂರ್ತಿ ಬತ್ತಿದಾಗಲೂ ಸುಕನ್ಯ ಕಂಡದ್ದು ಐದೇ ಮೆಟ್ಟಿಲು.

"ಮೂರು ಕಡೇಲೂ ಏಳು ಅಂತಲೇ ಬರ್ದವ್ರಲ್ಲವ್ವಾ?"

"ಮೂರು ಬೇಲೂ ಸೊಪ್ಪು ಬೇಯ್ಸೋ ಒಂದೇ ಬ್ಯಾರನ್ನಲ್ಲಿ ಬೆಂದಿರ್ಬೇಕು ಕಣ್ ಮಗ," ಎಂದಳು ಅವ್ವ. "ಯಾವ ಬ್ಯಾರನ್ನು ಅಂತ ನೋಡು."

ನೋಡಿದಳು. ವೆಬ್‌ಸೈಟು ಪತ್ರಿಕೆಯನ್ನು ನಕಲು ಮಾಡಿತ್ತು, ಪತ್ರಿಕೆ ಸ್ಮರಣ ಸಂಚಿಕೆಯನ್ನು. ಸಂಚಿಕೆಯ ಕೊನೆಯಲ್ಲಿ ಸಣ್ಣಕ್ಷರದಲ್ಲಿತ್ತು: 'ಮಾಹಿತಿ: ಊರಿನ ಹಿರಿಯರಾದ ಚಿಕ್ಕಮಾದಯ್ಯ.' ಸುಕನ್ಯ ಸಂಚಿಕೆ ಹಿಡಿದುಕೊಂಡೇ ಹೊರಗೆ ಬಂದಳು. ಚಿಕ್ಕಮಾದಯ್ಯ ಅವಳ ತಾತ. ಜಗಲಿಯ ಮೇಲೆ ಎಲೆಅಡಿಕೆ ಕುಟ್ಟುತ್ತ ಕೂತಿದ್ದ.

"ತಾತ, ಏಳು ಮೆಟ್ಲು ಅಂದಿದ್ದು ನೀನೇನಾ?"

ಕುಟ್ಟಾಣಿಯ ಸದ್ದು ನಿಂತಿತು. "ಆ ಪುಸ್ತಕಕ್ಕೆ ಬರ್ಕೊಳಕ್ಕೆ ಕನ್ನಡಕದ ಮೇಷ್ಟ್ರೊಬ್ರು ಬಿಸ್ಲಲ್ಲಿ ಬಂದಿದ್ರು ಕಣ್ ಕೂಸೆ. ನನ್ ಪಕ್ಕದಲ್ಲೇ ಕುಂತ್ಕೊಂಡು ಕೇಳುದ್ರು. ಅಲ್ಲೀಗಂಟ ಯಾರೂ ನನ್ನ ಏನೂ ಕೇಳಿರ್ನಿಲ್ಲ. ಗೊತ್ತಿಲ್ಲ ಅಂತ ಬರಿಗೈಲಿ ಕಳ್ಸಕ್ಕಾದದಾ? ಏಳು ಅಂದೆ, ಆಯಮ್ಮನ್ನೂ ಡಾಬನ್ನೂ ನಾನೇ ಸೇರ್ಸ್ಬುಟ್ಟೆ."

ಸುಕನ್ಯಳಿಗೆ ನಗು ಬಂತು, ಹಿಂದೆಯೇ ಸಂಕಟ. ನಿಜ ಬರೆದರೆ ತಾತನ ಮಾನ ಹೋಗುತ್ತದೆ, ಬರೆಯದಿದ್ದರೆ ತಾನೂ ನಾಲ್ಕನೇ ಬೇಲು ಕಟ್ಟಿದಂತೆ.

"ಬುಡು ತಾತ, ನಿನ್ನೆಸ್ರು ತಗ್ದಾಕ್ತೀನಿ."

"ಬ್ಯಾಡ. ಚಿಕ್ಕಮಾದಯ್ಯಂಗೆ ಗೊತ್ತಿರ್ನಿಲ್ಲ ಅಂತ ಬರ್ಕೊ."

ಸುಕನ್ಯ ಅವನ ಪಕ್ಕದಲ್ಲೇ ಕೂತಳು. "ಸರಿ, ನಿಂಗೆ ಗೊತ್ತಿರೋದೇನು?"

ಹೂಳು ಗೊತ್ತಿತ್ತು. ತಾನು ಪ್ರಾಯದಲ್ಲಿದ್ದಾಗ ಕೆರೆಗಿಳಿದು ಹೂಳೆತ್ತಿದ ಹದಿನೇಳು ಜನರ ಹೆಸರನ್ನು ತಾತ ಬೆರಳು ಮಡಚಿ ಹೇಳಿದ. ಸುಕನ್ಯ ಅಷ್ಟಕ್ಕೇ ನಂಬಲಿಲ್ಲ. ಅಂದು ಹೂಳಿನ ಮಂಕರಿ ಹೊತ್ತಿದ್ದ ಸೋಮಮ್ಮನನ್ನು ಬೇರೆಯಾಗಿ ಹೋಗಿ ಕೇಳಿದಳು. ಹೆಸರುಗಳು ತಾಳೆಯಾದವು.

ಸೋಮವಾರ ಓದಿದಳು: "ತೂಬು ಕಟ್ಟಿಸಿದವರು ಯಾರೆಂದು ತಿಳಿದಿಲ್ಲ. ಏಳು ಮೆಟ್ಟಿಲ ಕಥೆ ನನ್ನ ತಾತ ಕಟ್ಟಿದ್ದು. ಕೆರೆಯ ಹೂಳೆತ್ತಿದವರು ಇವರು." ಹದಿನೇಳೂ ಹೆಸರು ಓದಿದಳು.

"ಇದಕ್ಕೆ ಆಧಾರ?" ಎಂದರು ಮೇಡಂ.

"ಹೂಳೆತ್ತಿದವರೊಬ್ಬರು ಹೊರಗೆ ಕೂತಿದ್ದಾರೆ ಮೇಡಂ."

ಒಗೆದ ಅಂಗಿ ತೊಟ್ಟು ಬಂದಿದ್ದ ತಾತನನ್ನು ಮೇಡಂ ಒಳಗೆ ಕರೆದು, ತಮ್ಮ ಕುರ್ಚಿ ಬಿಟ್ಟುಕೊಟ್ಟರು. "ಯಜಮಾನ್ರೇ, ಮೆಟ್ಟಿಲು ಎಷ್ಟು?"

"ಐದೇ ಕಣ್ರವ್ವ," ಎಂದ ತಾತ. "ಇಳ್ದು ನೋಡಿವ್ನಿ."